ಫೋಟೊ ತೊಳೆಯುವ ನೀರು

ದಿನಕರ ನಳದಿಂದ ತುಂಬಿ ತಂದ ಕೊಡವನ್ನು ಮಾದೇವಿ ಕಸಿದು ತೆಂಗಿನ ಬುಡಕ್ಕೆ ಸುರಿದಳು.

"ಎಂತಾತು ಚಿಕ್ಕಿ? ಚಿಕ್ಕಪ್ಪನ್ನ ಮೀಸುಕೆ ತಂದದ್ದು."

"ಅಂಗಳದ ಬಾವಿದು ಸೇದು."

"ಅದು ಬರೀ ಉಪ್ಪು. ದನವೂ ಕುಡಿಯುದಿಲ್ಲ."

"ಗೊತ್ತದೆ. ಸೇದು."

ಜಗಲಿಯಲ್ಲಿ ಮಲಗಿಸಿದ್ದ ಅವಳ ಗಂಡ ಬೊಮ್ಮಯ್ಯನ ಸುತ್ತ ಧಾರೇಶ್ವರದ ಅರ್ಧ ಊರು ಕೂತು ಹೊಗಳುತ್ತಿತ್ತು. ಸತ್ತವರನ್ನು ಹೊಗಳಲು ಖರ್ಚಿಲ್ಲವಲ್ಲ. ಹೊನ್ನಾವರದಿಂದ ಬಂದ ನರ್ಮದಾ ಬೊಮ್ಮಯ್ಯ ತೆಗೆದಿದ್ದ ತನ್ನ ಮದುವೆಯ ಕಪ್ಪು-ಬಿಳುಪು ಫೋಟೊವನ್ನೇ ಹಿಡಿದು ತಂದಿದ್ದಳು.

"ನಲ್ವತ್ತು ವರ್ಷ ಆತು, ಒಂದು ಕಲೆ ಇಲ್ಲ. ಬೊಮ್ಮಯ್ಯಣ್ಣನ ಕೈ ಅಂದ್ರೆ ಕೈ."

ಕೈಯಂತೆ. ಮಾದೇವಿಗೆ ನಗು ಬಂತು. ಹೆಣದ ಮನೆಯಲ್ಲಿ ನಗಬಾರದೆಂದು ಸೆರಗು ಕಚ್ಚಿದಳು.

*

ಆ ಕೈ ಒಂದು ಕೊಡ ನೀರು ಹೊತ್ತದ್ದನ್ನು ಯಾರೂ ಕಂಡಿಲ್ಲ. ಸ್ಟುಡಿಯೊದ ಕತ್ತಲೆ ಕೋಣೆಯಲ್ಲಿ ಅಂಗಳದ ನೀರಿಗೆ ಔಷಧಿ ಪುಡಿ ಕಲಸಿದರೆ ಫೋಟೊದ ಕಪ್ಪು ಬೂದಿಬಣ್ಣಕ್ಕೆ ತಿರುಗುತ್ತಿತ್ತು. ತೊಳೆದು ಒಣಗಿಸಿದರೆ ಮುಖಗಳ ಮೇಲೆ ಬಿಳಿ ಕಲೆ ಏಳುತ್ತಿತ್ತು. ಹಾಗಾಗಿ ಗುಡ್ಡದ ಬಾವಿಯಿಂದ ಸಿಹಿನೀರು ಬರಬೇಕು, ಅದನ್ನು ಮಾದೇವಿ ಹೊರಬೇಕು. ಗಿರಾಕಿಗಳೆದುರು ಬೊಮ್ಮಯ್ಯ, "ಎಲ್ಲ ಕೈಚಳಕ" ಎಂದು ಮೀಸೆ ತಿರುವುತ್ತಿದ್ದ. ಕಾಲು ಉಳುಕಿ ಅವಳು ಮಲಗಿದ ಬೇಸಗೆಯಲ್ಲಿ ಮದುಮಕ್ಕಳೆಲ್ಲ ಫೋಟೊದಲ್ಲಿ ಬೂದಿ ಬಳಿದುಕೊಂಡವರಂತೆ ಬಂದರು. ಮಹಾಶಯ ಕಾಗದ ಮಾರಿದವನನ್ನು ಬೈದ.

ಅವಳದು ಒಂದೇ ಒಂದು ಫೋಟೊ ತೆಗೆದ, ಅದೂ ರೋಲಿನಲ್ಲಿ ಒಂದು ಉಳಿದಿತ್ತೆಂದು. ಅವನು ಅದನ್ನು ಅಂಗಳದ ಬಾವಿಯ ನೀರಿನಲ್ಲಿ ತೊಳೆಯುತ್ತಿದ್ದಾಗ ಅವಳು ತಲೆಯ ಮೇಲಿನ ಕೊಡ ಇಳಿಸುತ್ತಿದ್ದಳು.

"ನಾ ತಂದ ನೀರು ಅದೆಯಲ್ಲ."

"ಅದು ಗಿರಾಕಿಗಳಿಗೆ. ನಿಂಗೆ ಎಂತಕ್ಕೆ ಸಿಹಿನೀರು?"

ಹಣೆ, ಕೆನ್ನೆಗಳ ಮೇಲೆ ಬಿಳಿ ಕಲೆಯೆದ್ದ ಆ ಮುಖವನ್ನು ಅವಳು ಗೋಡೆಗೆ ಹಾಕಲಿಲ್ಲ. ಮರೆಯಲೂ ಇಲ್ಲ.

*

ಬೊಮ್ಮಯ್ಯನನ್ನು ಅಂಗಳಕ್ಕಿಳಿಸಿದರು. ದಿನಕರ ಬಾವಿ ನೀರು ತಂದಿಟ್ಟ. ನರ್ಮದಾ ಅಡ್ಡ ಬಂದಳು.

"ಕಡೇ ಮೀಯಾಣ, ಮಾದೇವಕ್ಕ. ಇವತ್ತೊಂದಿನ ಸಿಹಿನೀರು ಹಾಕಿ."

"ಅವ್ರಿಗೆ ಎಂತಕ್ಕೆ ಸಿಹಿನೀರು?"

ಅವಳೇ ತಂಬಿಗೆ ಹಿಡಿದು ತಲೆಯಿಂದ ಕಾಲಿನವರೆಗೆ ಹೊಯ್ದಳು. ಒರೆಸಲು ಬಂದ ದಿನಕರನ ಕೈಯಿಂದ ಪಂಚೆ ಕಿತ್ತುಕೊಂಡು ಹೆಗಲಿಗೆ ಹಾಕಿಕೊಂಡಳು. ಅಂಗಳದಲ್ಲಿ ಏಪ್ರಿಲ್ ಬಿಸಿಲು ಸುಡುತ್ತಿತ್ತು. ನೀರು ಆರಿದಂತೆ ಬೊಮ್ಮಯ್ಯನ ಹಣೆ, ಕೆನ್ನೆಗಳ ಮೇಲೆ ಬಿಳಿ ಕಲೆಗಳು ಒಂದೊಂದಾಗಿ ಎದ್ದವು. ಅವು ಪೂರ್ತಿ ಒಣಗುವವರೆಗೆ ಮಾದೇವಿ ಪಕ್ಕದಲ್ಲೇ ಕೂತು ನೋಡಿದಳು.