ಮುಚ್ಚಳ ಒಪ್ಪದ ಮಬೀ

ನಮ್ಮ ಯಜಮಾನರು ತೇಯೋಗೆ ಬುದ್ಧಿ ಹೇಳೋದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳೋದೂ ಒಂದೇ. ಭಾನುವಾರ ಆಗಿದ್ದು ಕೇಳಿ, ನೀವೇ ಹೇಳಿ.

ನಮ್ಮೂರು ಸಾಲಿನಾಸಿನಲ್ಲಿ ನಮ್ಮದು ಮಬೀ ಅನ್ನೋ ನೊರೆ ಪಾನಕ ತಯಾರಿಸುವ ಕಾರ್ಖಾನೆ. ಕಾರ್ಖಾನೆ ಅಂದರೆ ಹಿತ್ತಿಲ ಶೆಡ್ಡು, ಎರಡು ಪೀಪಾಯಿ, ನಾವಿಬ್ಬರು. ಮಬೀ ಮರದ ತೊಗಟೆ ಕುದಿಸಿ, ಶುಂಠಿ, ಚಕ್ಕೆ, ಕಂದು ಸಕ್ಕರೆ ಸೇರಿಸಿ, ಆರಿದ ಮೇಲೆ ಹಳೇ ಮಬೀಯನ್ನೇ ಹೆಪ್ಪು ಹಾಕಿ ಬಿಸಿಲಿಗಿಡಬೇಕು. ಆ ಹೆಪ್ಪು ನಮ್ಮತ್ತೆ ಕಾಲದಿಂದ ಬಂದದ್ದು. ಬಾಟಲಿಯ ಬಾಯಿಗೆ ಕಾಗದದ ಸುರುಳಿ ಸಿಕ್ಕಿಸುತ್ತೇವೆ ಅಷ್ಟೆ. ಬಿಗಿಯಾಗಿ ಮುಚ್ಚಿದರೆ ಉಕ್ಕಿ ಸಿಡಿಯುತ್ತೆ.

ಆದರೆ ಈಗ ನಮ್ಮ ಕೈಗಾಡಿ ಹತ್ತಿರ ಯಾರು ಬರುತ್ತಾರೆ? ಎಲ್ಲರೂ ಸೂಪರ್‌ಮಾರ್ಕೆಟ್ಟಿಗೆ ನುಗ್ಗುತ್ತಾರೆ. ಅಲ್ಲಿನ ಕಪಾಟಿನಲ್ಲಿ ನಮಗೊಂದು ಸಾಲು ಜಾಗ ಸಿಗದಿದ್ದರೆ ಶೆಡ್ಡಿಗೆ ಬೀಗವೇ ಗತಿ. ಅಲ್ಲಿಯ ಮ್ಯಾನೇಜರ್ ಲಿಸಾಂದ್ರೋನೋ, ಹೋದಾಗಲೆಲ್ಲ ಒಂದೊಂದು ಕ್ಯಾತೆ ತೆಗೆದ. ಅತ್ತೆ ಹೆಸರಿದ್ದ ಲೇಬಲ್ ಸಣ್ಣದಾಯಿತು ಅಂದ, ದೊಡ್ಡದು ಮಾಡಿಸಿದೆವು. ತಳದಲ್ಲಿ ಗಷ್ಟು ಅಂದ, ಸೋಸಿದೆವು. ಕೊನೆಗೆ, ಬಿಗಿ ಮುಚ್ಚಳ ಇಲ್ಲದ ಬಾಟಲಿ ಒಳಗೇ ಬಿಡಲ್ಲ ಅಂದ. ದೊಡ್ಡ ಕಂಪನಿಗಾದರೆ ಯಂತ್ರ ಇದೆ, ನಮಗೇನಿದೆ ಮಣ್ಣು?

ಉಕ್ಕಿದ ಮಬೀಯನ್ನು ಮತ್ತೆ ಕುದಿಸಿದರೆ ಹೆಪ್ಪು ಸಾಯುತ್ತೆ, ಆಮೇಲೆ ಧೈರ್ಯವಾಗಿ ಮುಚ್ಚಬಹುದು ಅಂತ ಇವರ ಕೈಕಾಲು ಹಿಡಿದು ಒಪ್ಪಿಸಿದೆ. ಮುಖ ಊದಿಸಿಕೊಂಡೇ ಕುದಿಸಿದರು. ನಾನು ಒಂದು ಗುಟುಕು ಬಾಯಿಗೆ ಹಾಕಿಕೊಂಡು ನೋಡಿ, ಇವರಿಗೆ ಕಾಣದ ಹಾಗೆ ಹಿತ್ತಿಲಲ್ಲಿ ಉಗುಳಿದೆ. ರುಚಿ ಇರಲಿ ಬಿಡಲಿ, ಅಂಗಡಿಗೆ ಹೋದರೆ ಸಾಕಾಗಿತ್ತು. ಶುಕ್ರವಾರ ಬಾಟಲಿಗಳು ಹೋದವು. ಭಾನುವಾರ ಪೂಜೆ ಮುಗಿಸಿ ಚರ್ಚಿನಿಂದ ಬರುವಷ್ಟರಲ್ಲಿ ಲಿಸಾಂದ್ರೋ ಫೋನು.

ಓಡಿ ಹೋದೆವು. ಬಾಟಲಿಗಳು ಪಟಪಟ ಸಿಡಿದಿದ್ದವು. ಸದ್ಯ, ಯಾರಿಗೂ ಗಾಜು ತಾಗಿರಲಿಲ್ಲ. ಅಕ್ಕಿ ಮೂಟೆ, ನೆಲ, ಚಾವಣಿ, ಎಲ್ಲಾ ಕಡೆ ನೊರೆ. ಸತ್ತ ಮಬೀ ಸಿಡಿಯೋದು ಹೇಗೆ? ನಾನು ಇವರ ಮುಖ ನೋಡಿದೆ, ಇವರು ನೆಲ ನೋಡಿದರು. ಮುಚ್ಚಳ ಹಾಕೋ ಮುಂಚೆ ಒಂದೊಂದು ಬಾಟಲಿಗೂ ಒಂದು ಚಮಚ ಹೆಪ್ಪು ಹಾಕಿದ್ದರಂತೆ, ಪುಣ್ಯಾತ್ಮರು!

"ಅಲ್ಲ ಕಣೇ, ಮೇಲೆ ಅಮ್ಮನ ಹೆಸರು ಅಂಟಿಸಿ ಒಳಗೆ ಸಕ್ಕರೆ ನೀರು ಕೊಡೋದಾ?" ಅಂದರು.

ಮೈಯೆಲ್ಲ ಉರಿದುಹೋಯಿತು. ಅಷ್ಟು ದಿನ ಅಲೆದದ್ದು, ಗೋಗರೆದದ್ದು, ಎಲ್ಲಾ ನೀರಿನಲ್ಲಿ ಹೋಮ. ಅಲ್ಲೇ ಕೂತು ಅಳಬೇಕು ಅನಿಸಿತು.

ಲಿಸಾಂದ್ರೋ ಕೂಗಾಡಲಿಲ್ಲ. ಸಿಡಿಯೋ ಮುಂಚೆ ಅರ್ಧ ಬಾಟಲಿಗಳು ಖರ್ಚಾಗಿದ್ದವಂತೆ, ಜನ ಮತ್ತೆ ಕೇಳಿದ್ದರಂತೆ. ಇನ್ನೊಂದು ಅವಕಾಶ ಕೊಡ್ತೀನಿ, ಆದರೆ ಹೆಪ್ಪು ಹಾಕಲ್ಲ ಅಂತ ಮಾತು ಕೊಡಿ ಅಂತ ಇವರನ್ನು ಕೇಳಿದ. ಇವರು ಮೊಣಕಾಲೂರಿ ನೊರೆಯೊಳಗಿನ ಗಾಜು ಆಯತೊಡಗಿದರು. ಆತ ನನ್ನ ಕಡೆ ತಿರುಗಿದ.

"ನೀವಾದರೂ ಹೇಳಿ, ದೊನ್ಯಾ ಸೊರೈದಾ. ನಿಮ್ಮ ಮಾತು ಸಾಕು."

ಒಂದು ಹೂಂ ಅಂದರೆ ಸಾಲು ನಮ್ಮದು. ಇವರ ಅಂಗಿ ತುಂಬ ನೊರೆ ಮೆತ್ತಿತ್ತು. ಹೂಂ ಅನ್ನೋಕೆ ಬಾಯಿ ತೆರೆದೆ, ಹಿತ್ತಿಲಲ್ಲಿ ಉಗುಳಿದ ಗುಟುಕು ನೆನಪಾಯಿತು.

"ಹಾಕ್ತಾರೆ ಕಣಪ್ಪ," ಅಂದೆ. "ಇವರು ಹಾಕದಿದ್ದರೆ ನಾನು ಹಾಕ್ತೀನಿ."