ತೊಂದ್ರಿ ಏನಿಲ್ರಿ ಸರ

ಟಕ್.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಕ್.

ದಾನಮ್ಮ ಕಣ್ಣು ತೆರೆಯುವ ಮೊದಲೇ ಅವಳ ಕೈ ಗೋಡೆಯತ್ತ ಹೋಗಿತ್ತು. ಕತ್ತಲಲ್ಲೇ ತಡಕಿ, ಮಗಳ ಹಣೆಗೂ ಗೋಡೆಗೂ ನಡುವೆ ಅಂಗೈ ಇಟ್ಟಳು. ಮುಂದಿನ ಪೆಟ್ಟು ಅಂಗೈ ಮೇಲೆ ಬಿತ್ತು. ಸದ್ದಾಗಲಿಲ್ಲ. ಏಳು ವರ್ಷದ ದುಂಡವ್ವ ಅಳುತ್ತಿರಲಿಲ್ಲ, ಎದ್ದೂ ಇರಲಿಲ್ಲ, ಮಲಗಿಯೂ ಇರಲಿಲ್ಲ. ಕೂತಲ್ಲೇ ತೂಗುತ್ತ ಹಣೆ ಬಡಿದುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಇಂಟರ್‌ಕಾಮ್ ಹೊಡೆದುಕೊಂಡಿತು. ಜೆ.ಪಿ. ನಗರದ ಆ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್‌ನ ಕೋಣೆ ಇದ್ದದ್ದು ನೆಲಮಾಳಿಗೆಯಲ್ಲಿ, ಲಿಫ್ಟಿನ ಗೋಡೆಗೆ ಅಂಟಿಕೊಂಡು. ಇಲ್ಲಿಯ ಸದ್ದು ಆ ಗೋಡೆ ಹಿಡಿದು ಮೇಲಕ್ಕೇರುತ್ತಿತ್ತು. ಅವಳ ಗಂಡ ಗೂಳಪ್ಪ ರಿಸೀವರ್ ಎತ್ತಿದ. ಅಸೋಸಿಯೇಷನ್ ಸೆಕ್ರೆಟರಿ ಬದರಿನಾಥರ ದನಿ ದಾನಮ್ಮನಿಗೂ ಕೇಳಿಸಿತು.

"ಏನೋ ಬಡ್ಡಿಮಗನೇ, ಮನುಷ್ಯರು ನಿದ್ದೆ ಮಾಡ್ಬೇಕೋ ಬೇಡ್ವೋ? ಯಾವ ದೆವ್ವ ಸಾಕೊಂಡಿದೀಯ ಕೆಳಗಡೆ?"

"ತೊಂದ್ರಿ ಏನಿಲ್ರಿ ಸರ. ಕೂಸು ಕನಸ ಕಂಡೈತ್ರಿ."

"ದಿನಾ ಅದೇ ಕನಸಾ? ಬಾಯಿಗೆ ಬಟ್ಟೆ ತುರುಕು!"

"ಹೂಂರಿ ಸರ. ತೊಂದ್ರಿ ಏನಿಲ್ರಿ."

ಈ ಕಟ್ಟಡಕ್ಕೆ ಬಂದ ಮೇಲೆ ಗೂಳಪ್ಪನ ಬಾಯಿಗೆ ಅಂಟಿಕೊಂಡ ಮಾತು ಅದು. ಪಂಪಿನ ಸ್ವಿಚ್ಚು ಹೊಡೆದು ಕೈ ಸುಟ್ಟುಕೊಂಡ ದಿನ, "ಏನಾಯ್ತೋ?" ಅಂದವರಿಗೂ ಅದನ್ನೇ ಹೇಳಿದ್ದ. ಜ್ವರದಲ್ಲಿ ಗೇಟಿನ ಬಳಿ ನಡುಗುತ್ತ ನಿಂತಾಗಲೂ ಅದೇ. ತೊಂದರೆ ಇದೆ ಅಂದವನನ್ನು ಇಟ್ಟುಕೊಳ್ಳುವುದಿಲ್ಲ ಅಂತ ಅವನಿಗೆ ಮೊದಲ ವಾರವೇ ಗೊತ್ತಾಗಿತ್ತು. ಮೇಲಿನ ಮನೆಗಳಲ್ಲಿ ಪಾತ್ರೆ ತೊಳೆಯುವ ದಾನಮ್ಮ ಕೂಡ ಅದನ್ನು ಕಲಿತಿದ್ದಳು.

*

ಶಾಲೆಯವರು ದುಂಡವ್ವಳನ್ನು ದೀಪಾವಳಿ ರಜೆಯ ಮೊದಲೇ ಕಳಿಸಿಬಿಟ್ಟಿದ್ದರು. ಪಕ್ಕದಲ್ಲಿ ಕೂತ ಮಗುವಿನ ಕಿವಿ ಕಚ್ಚಿದ್ದಳು. ಮುಖ್ಯ ಶಿಕ್ಷಕಿ ವಾರಿಜಾ ಮೇಡಂ ಒಳಗೆ ಕರೆಯಲೂ ಇಲ್ಲ. ಗೇಟಿನಲ್ಲೇ ನಿಂತು, ಉಳಿದ ತಾಯಂದಿರಿಗೆಲ್ಲ ಕೇಳುವ ಹಾಗೆ ಹೇಳಿದರು.

"ಇದಕ್ಕೆ ಏನಾಗಿದೆ ಅಂತ ಡಾಕ್ಟರ್ ಹತ್ರ ಬರೆಸ್ಕೊಂಡ್ ಬಾ. ಗಿರಿನಗರದಲ್ಲಿ ಇಂಥ ಮಕ್ಕಳ ಶಾಲೆ ಇದೆ, ಫೀಸ್ ಇಲ್ಲ. ಡಾಕ್ಟರ್ ಬರೆದು ಕೊಟ್ರೆ ತಗೋತಾರೆ. ಇಲ್ಲಿ ಮಾತ್ರ ಕರ್ಕೊಂಡ್ ಬರ್ಬೇಡ. ನಿಮ್ಮೂರ ಕಡೆ ಮಕ್ಳಿಗೆ ಕಚ್ಚೋದು ಕಲಿಸ್ತೀರಾ?"

ಕೊನೆಯ ಮಾತಿಗೆ ಯಾರೋ ನಕ್ಕರು. ದಾನಮ್ಮ ನಗಲಿಲ್ಲ. ಗಿರಿನಗರ ಎಂಬ ಹೆಸರೊಂದನ್ನು ಗಟ್ಟಿಯಾಗಿ ಹಿಡಿದುಕೊಂಡು ಬಂದಳು.

ದೊಡ್ಡಾಸ್ಪತ್ರೆಗೆ ಎರಡು ಸಲ ಹೋಗಿದ್ದೂ ಆಯಿತು. ಮೊದಲ ಸಲ ಸಾಲು ಮುಂದೆ ಸರಿಯುವ ಹೊತ್ತಿಗೆ ಗೂಳಪ್ಪನಿಗೆ ಫೋನು ಬಂತು: ನೀರಿನ ಟ್ಯಾಂಕರ್ ನಿಂತಿದೆ, ಎಲ್ಲಿ ಸತ್ತಿದೀಯ. ಎರಡನೇ ಸಲ ದುಂಡವ್ವ ಸಾಲಿನಲ್ಲೇ ಮೈಮೇಲಿನ ಬಟ್ಟೆ ಕಳಚಿ ಎಸೆದು ಕೂಗತೊಡಗಿದಳು. ಸುತ್ತಲಿನವರು ಜಾಗ ಬಿಟ್ಟರು, ಸಾಲು ಬಿಡಲಿಲ್ಲ. ಒಬ್ಬ ಮುದುಕಿ ಮಾತ್ರ ತನ್ನ ಸೆರಗು ಬಿಚ್ಚಿ ಹೊದಿಸಿ, "ಮನಿಗೆ ಹೋಗವ್ವ, ಕೂಸು ಸಾಯ್ತೈತಿ" ಅಂದಳು. ಅದು ಊರ ಕಡೆಯ ಮಾತು. ಅದನ್ನು ಕೇಳಿಯೇ ದಾನಮ್ಮನಿಗೆ ಅಳು ಬಂದಿತ್ತು.

ಕಿವಿ ಕಚ್ಚಿದ ಸುದ್ದಿ ಕಟ್ಟಡಕ್ಕೂ ತಲುಪಿತು. ಬದರಿನಾಥರ ಹೆಂಡತಿ ಕಮಲಾದೇವಿ, ದಾನಮ್ಮ ಪಾತ್ರೆ ತೊಳೆಯುತ್ತಿದ್ದ ಸಿಂಕಿನ ಬಳಿ ಬಂದು ನಿಂತರು.

"ಜಯನಗರದಲ್ಲಿ ಡಾಕ್ಟರ್ ಮೈತ್ರೇಯಿ ಅಂತ, ನಮ್ಮ ತಂಗಿ ಫ್ರೆಂಡು. ಮಕ್ಕಳ ಬಿಹೇವಿಯರ್ ಎಲ್ಲಾ ನೋಡ್ತಾಳೆ. ಅವಳ ಅಪಾಯಿಂಟ್‌ಮೆಂಟ್ ಸಿಗಕ್ಕೇ ತಿಂಗಳಾಗತ್ತೆ. ನಾನ್ ಹೇಳಿದೀನಿ, ದುಡ್ಡು ತಗೊಳಲ್ಲ. ನಾನೇ ಕರ್ಕೊಂಡ್ ಹೋಗ್ತೀನಿ."

"ನಿಮ್ಮ ಪಾದಕ್ಕ ಬೀಳ್ತೀನ್ರಿ ಅಮ್ಮಾರ."

"ಪಾದ ಬೇಡ, ಆ ಕುಕ್ಕರ್ ಸರಿಯಾಗಿ ಉಜ್ಜು."

ಸಂಜೆ ಬದರಿನಾಥರು ಗೂಳಪ್ಪನನ್ನು ಲಿಫ್ಟಿನ ಬಾಗಿಲಲ್ಲಿ ನಿಲ್ಲಿಸಿಕೊಂಡರು. ಆ ಲಿಫ್ಟನ್ನು ಗೂಳಪ್ಪ ದಿನವೂ ಒರೆಸುತ್ತಿದ್ದ, ಆದರೆ ಹತ್ತುವ ಹಾಗಿರಲಿಲ್ಲ.

"ನೋಡು, ಡಾಕ್ಟರ್ ಏನೂ ಇಲ್ಲ ಅಂದ್ರೆ ಸರಿ. ಸೀರಿಯಸ್ ಏನಾದ್ರೂ ಅಂದ್ರೆ ರೂಮ್ ಖಾಲಿ ಮಾಡ್ಬೇಕಾಗತ್ತೆ. ಇಲ್ಲಿ ಫ್ಯಾಮಿಲಿಗಳಿದಾವೆ."

ಕೋಣೆಗೆ ಬಂದು ಇದನ್ನು ಹೇಳುವಾಗ ಗೂಳಪ್ಪ ನಕ್ಕ. "ಕೇಳಿದಿ? ಫ್ಯಾಮಿಲಿ ಅದಾವಂತ ಇಲ್ಲಿ. ನಾವೇನೂ ಫ್ಯಾಮಿಲಿ ಅಲ್ಲ ಮತ್ತ. ನಾವು ಸ್ಟಾಫು."

"ಡಾಕ್ಟರ್ ಮುಂದ ಖರೇ ಹೇಳೂಣ್ರಿ."

"ಖರೇ ಹೇಳಿ ಎಲ್ಲಿಗಿ ಹೋಗೂಣು? ಫುಟ್‌ಪಾತಿಗೇನು?" ನಗು ಹೋಗಿತ್ತು. "ಸುಮ್ನ ಕುಂತು ಬಾ. ನಿನ್ನ ಕೈಯಾಗ ಹೆಂಗೂ ಅಕಿ ಸುಮ್ನ ಇರ್ತಾಳ."

ಅದು ನಿಜವಾಗಿತ್ತು. ದಾನಮ್ಮ ಒಂದು ಹಿಡಿತ ಕಂಡುಕೊಂಡಿದ್ದಳು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎರಡೂ ಮುಂಗೈಗಳನ್ನು ಎದೆಯ ಮೇಲೆ ಅಡ್ಡ ಹಾಕಿ ಹಿಡಿದು, ತನ್ನ ಗದ್ದವನ್ನು ಮಗಳ ನೆತ್ತಿಗೆ ಒತ್ತಿ, ಗಂಟಲಲ್ಲೇ ಹೂಂ ಎಂದು ಗುಂಯ್ಗುಡುತ್ತ ಕೂತರೆ ದುಂಡವ್ವ ಕಲ್ಲಿನಂತೆ ಕೂರುತ್ತಿದ್ದಳು. ದೊಡ್ಡವರು ಎದುರಿಗೆ ಬಂದಾಗಲೆಲ್ಲ ದಾನಮ್ಮನ ಕೈಗಳು ತಾವಾಗಿಯೇ ಹಾಗೆ ಕೂಡಿಕೊಳ್ಳುತ್ತಿದ್ದವು.

*

ಕಾರಿನ ಹಿಂದಿನ ಸೀಟಿಗೆ ಕಮಲಾದೇವಿ ಹಳೆಯ ಬೆಡ್‌ಶೀಟು ಹಾಸಿದ್ದರು. "ಮಗು ಏನಾದ್ರೂ ಮಾಡ್ಕೊಂಡ್ರೆ ಅಂತ," ಅಂದರು. ಮಗು ಅರ್ಧ ಸೀಟಿನಲ್ಲಿತ್ತು. ಬೆಡ್‌ಶೀಟು ಪೂರ್ತಿ ಹಾಸಿತ್ತು.

ಜಯನಗರದ ಕ್ಲಿನಿಕ್ಕಿನ ಕೌಂಟರಿನ ಹುಡುಗಿ ಹೆಸರು ಕೇಳಿ ತಲೆಯೆತ್ತಿದಳು. "ದುಂಡವ್ವ? ಮಗು ಹೆಸರು ಕೇಳಿದ್ದು, ಅಜ್ಜಿದಲ್ಲ."

"ಎರಡೂ ಅದೇ ರೀ," ಅಂದ ಗೂಳಪ್ಪ.

ಒಳಗೆ ಎಸಿ ಇತ್ತು. ಗಾಜಿನ ಮೇಜು, ಗೋಡೆಗೆ ಬಣ್ಣದ ಆನೆ, ಮೂಲೆಯಲ್ಲಿ ಮರದ ಆಟಿಕೆ. ಡಾಕ್ಟರ್ ಮೈತ್ರೇಯಿ ಕಮಲಾದೇವಿಗೆ ಕುರ್ಚಿ ಎಳೆದುಕೊಟ್ಟರು. ಗೂಳಪ್ಪ ಗೋಡೆಗೆ ಬೆನ್ನು ಹಚ್ಚಿ ನಿಂತ. ದಾನಮ್ಮ ಉಳಿದ ಕುರ್ಚಿಯ ತುದಿಯಲ್ಲಿ ಕೂತಳು. ಮಗಳು ತೊಡೆಯ ಮೇಲೆ. ಕೈಗಳು ಕೂಡಿಕೊಂಡವು. ಗದ್ದ ನೆತ್ತಿಗೆ ಒತ್ತಿತು.

"ಹೇಳಿ, ಏನ್ ಪ್ರಾಬ್ಲಂ?" ಡಾಕ್ಟರ್ ದಾನಮ್ಮನನ್ನು ನೋಡಿಯೇ ಕೇಳಿದರು.

"ಹಠ ಜಾಸ್ತಿ ಡಾಕ್ಟ್ರೇ," ಅಂದರು ಕಮಲಾದೇವಿ. "ಇವರಲ್ಲಿ ಡಿಸಿಪ್ಲಿನ್ ಕಮ್ಮಿ ನೋಡಿ. ಅಳ್ತು ಅಂದ್ರೆ ಕೈಗೆ ಮೊಬೈಲ್ ಕೊಟ್ಬಿಡ್ತಾರೆ."

ದಾನಮ್ಮನ ಬಳಿ ಇದ್ದದ್ದು ಬಟನ್ನಿನ ಫೋನು.

"ಕಚ್ಚೋದು, ಹೊಡೆಯೋದು ಇದೆಯಾ?"

"ತೊಂದ್ರಿ ಏನಿಲ್ರಿ ಮೇಡಂ," ಗೋಡೆಯ ಕಡೆಯಿಂದ ಗೂಳಪ್ಪ.

"ತನ್ನನ್ನೇ ಹೊಡ್ಕೊಳ್ಳೋದು? ತಲೆ ಚಚ್ಚಿಕೊಳ್ಳೋದು?"

ಕಮಲಾದೇವಿ ಈ ಬಾರಿ ದಾನಮ್ಮನತ್ತ ತಿರುಗಿದರು. ಮುಖದಲ್ಲಿ ನಗುವಿತ್ತು. ಆ ನಗುವಿನ ಹಿಂದೆ ಲಿಫ್ಟಿನ ಗೋಡೆ, ಇಂಟರ್‌ಕಾಮ್, ಗಂಡನ ಕೆಲಸ, ಮೂವರು ಮಲಗುವ ಜಾಗ ಎಲ್ಲವೂ ಸಾಲಾಗಿ ನಿಂತಿದ್ದವು.

"ಏನಿಲ್ರಿ," ಅಂದಳು ದಾನಮ್ಮ. "ತೊಂದ್ರಿ ಏನಿಲ್ರಿ."

ಗಂಡನ ಮಾತೇ ಅವಳ ಬಾಯಿಂದ ಬಂದಿತ್ತು. ರಾತ್ರಿಯೆಲ್ಲ ಕೂತು ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದಳು. ಯಾವಾಗಿಂದ ಶುರುವಾಯಿತು, ಯಾವ ಸದ್ದಿಗೆ ಹೆಚ್ಚಾಗುತ್ತದೆ, ಇದ್ದ ನಾಲ್ಕು ಮಾತು ಯಾವಾಗ ನಿಂತುಹೋದವು. ಒಂದೂ ಹೊರಗೆ ಬರಲಿಲ್ಲ.

ಇನ್ನೊಮ್ಮೆ ಪ್ರಯತ್ನಿಸಿದಳು. "ಮೇಡಂ, ನಿಮ್ಮ ಕೂಡ ನಾ ಒಬ್ಬಾಕಿನ ಮಾತಾಡ್ಲೇನ್ರಿ?"

"ಯಾಕಮ್ಮಾ, ನಾನೇನು ಹೊರಗಿನವಳಾ?" ಕಮಲಾದೇವಿ ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಒರಗಿದರು. "ಇಷ್ಟೆಲ್ಲ ಮಾಡಿ ಕರ್ಕೊಂಡ್ ಬಂದಿರೋದು ನಾನು. ಹೇಳು, ಏನ್ ಗುಟ್ಟು?"

ಡಾಕ್ಟರ್ ಗಡಿಯಾರ ನೋಡಿದರು. ಕಮಲಾದೇವಿಗೆ ಹೊರಗೆ ಹೋಗಿ ಅನ್ನಲಿಲ್ಲ. ಮೂಲೆಯಿಂದ ಮರದ ಹಕ್ಕಿಯೊಂದನ್ನು ತಂದು ಮಗುವಿನ ಮುಂದೆ ಆಡಿಸಿದರು. ದುಂಡವ್ವ ನೋಡಲಿಲ್ಲ, ಅಲುಗಲೂ ಇಲ್ಲ.

"ತುಂಬಾ ಶೈ. ಮಾತು ತಡ ಇದೆ, ಐ ಕಾಂಟ್ಯಾಕ್ಟ್ ಕಮ್ಮಿ ಅನ್ಸತ್ತೆ. ಆದ್ರೆ ಶಾಂತವಾಗೇ ಕೂತಿದಾಳಲ್ಲ. ನೀವ್ ಹೇಳೋದ್ ನೋಡಿದ್ರೂ ಸಿವಿಯರ್ ಏನೂ ಕಾಣಲ್ಲ. ಆರು ತಿಂಗಳು ನೋಡೋಣ." ಪೆನ್ನು ತೆಗೆದರು.

ಗೂಳಪ್ಪ ಉಸಿರು ಬಿಟ್ಟದ್ದು ದಾನಮ್ಮನಿಗೆ ಕೇಳಿಸಿತು. ಆರು ತಿಂಗಳು. ಅಷ್ಟರಲ್ಲಿ ಹಣೆಯ ಮೇಲಿನ ಗಂಟು ಇನ್ನೆಷ್ಟು ದೊಡ್ಡದಾಗುತ್ತದೆ ಎಂದು ಅವಳು ಯೋಚಿಸಿದಳು. ಆ ಗಂಟನ್ನು ಮುಚ್ಚಲು ಬೆಳಿಗ್ಗೆ ಕೂದಲನ್ನು ಹಣೆಯ ಮೇಲೆ ಇಳಿಬಿಟ್ಟು ಎಣ್ಣೆ ಹಚ್ಚಿ ಬಾಚಿದ್ದು ತಾನೇ. ಸಾಹೇಬರ ಮುಂದೆ ಹೋಗುವಾಗ ಮಗಳನ್ನು ಯಾವಾಗಲೂ ಹಾಗೆಯೇ ಬಾಚುತ್ತಿದ್ದಳು. ಇವತ್ತೂ ಬಾಚಿದ್ದಳು.

"ನೋಡಿದ್ಯಾ, ಸುಮ್ನೆ ಹೆದರಿದ್ದೆ. ಎಷ್ಟ್ ಚೆಂದ ಕೂತಿದೆ!" ಕಮಲಾದೇವಿ ಬಳೆಗಳ ಕೈಯನ್ನು ಮಗುವಿನ ತಲೆ ಸವರಲು ಚಾಚಿದರು.

ಬಳೆಗಳು ಗಲ್ ಎಂದವು. ದುಂಡವ್ವಳ ಬೆನ್ನು ಬಿಗಿಯಾದದ್ದು ದಾನಮ್ಮನ ಎದೆಗೆ ತಿಳಿಯಿತು. ಆ ಸದ್ದು ಅವಳಿಗೆ ಆಗುವುದಿಲ್ಲ. ಬೇರೆ ಯಾರು ಕೂದಲು ಮುಟ್ಟಿದರೂ ಆಗುವುದಿಲ್ಲ. ಇಂಥ ಹೊತ್ತಿನಲ್ಲಿ ಹಿಡಿತ ಇನ್ನೂ ಗಟ್ಟಿ ಮಾಡಬೇಕು. ಪ್ರತಿ ಸಲವೂ ಹಾಗೆಯೇ ಮಾಡಿದ್ದಳು.

ದಾನಮ್ಮ ನೆತ್ತಿಯಿಂದ ಗದ್ದ ಎತ್ತಿದಳು. ಬೆರಳುಗಳನ್ನು ಬಿಡಿಸಿದಳು.

ಕಮಲಾದೇವಿಯ ಚೀರು ಮೊದಲು ಕೇಳಿತೋ ಮಗುವಿನದೋ ಯಾರಿಗೂ ಹೇಳಲಾಗುತ್ತಿರಲಿಲ್ಲ. ದುಂಡವ್ವಳ ಹಲ್ಲು ಕಮಲಾದೇವಿಯ ಮುಂಗೈಯಲ್ಲಿ ನಾಟಿತ್ತು. ಗೂಳಪ್ಪ ಓಡಿಬಂದು ಬಿಡಿಸುವಷ್ಟರಲ್ಲಿ ದುಂಡವ್ವ ನೆಲಕ್ಕೆ ಬಿದ್ದು ಮೇಜಿನ ಕಬ್ಬಿಣದ ಕಾಲಿಗೆ ಹಣೆ ಬಡಿಯತೊಡಗಿದಳು. ಟಕ್, ಟಕ್, ಟಕ್. ಗಾಜಿನ ಮೇಲಿದ್ದ ಹಕ್ಕಿ ಉರುಳಿ ಬಿತ್ತು. ದಾನಮ್ಮ ಹಾರಿ ಬಿದ್ದು ಹಣೆಗೂ ಕಬ್ಬಿಣಕ್ಕೂ ನಡುವೆ ಅಂಗೈ ತೂರಿಸಿದಳು. ಮತ್ತೆ ತೊಡೆಗೆಳೆದುಕೊಂಡು, ಕೈ ಅಡ್ಡ ಹಾಕಿ, ಗದ್ದ ಒತ್ತಿ ಗುಂಯ್ಗುಟ್ಟಿದಳು. ಕೂಗು ನಿಧಾನಕ್ಕೆ ತಗ್ಗಿತು.

ಕೂದಲು ಸರಿದಿತ್ತು. ಡಾಕ್ಟರ್ ಬಗ್ಗಿ ಹಣೆಯ ಗಂಟನ್ನು ನೋಡಿದರು. ಅದರ ಕೆಳಗಿನ ಹಳೆಯ ಗಾಯಗಳನ್ನು ನೋಡಿದರು. ಆಮೇಲೆ ದಾನಮ್ಮನ ಅಂಗೈ ತಿರುಗಿಸಿ, ಅಲ್ಲಿಯ ಕಂದಿದ ಕಲೆಗಳನ್ನೂ ನೋಡಿದರು.

"ಎಷ್ಟು ದಿನದಿಂದ ಹೀಗೆ?"

"ತೊಂದ್ರಿ ಏ..." ಗೂಳಪ್ಪನ ಮಾತು ಅಲ್ಲಿಗೇ ನಿಂತಿತು.

ಕಮಲಾದೇವಿ ಕೈ ತೊಳೆಯಲು ಹೊರಗೆ ಓಡಿದ್ದರು. ಬಾಗಿಲು ಮುಚ್ಚಿತ್ತು. ದಾನಮ್ಮ ಹೇಳಿದಳು. ಜೋಡಿಸಿಟ್ಟುಕೊಂಡಿದ್ದೆಲ್ಲವನ್ನೂ ಒಂದೊಂದಾಗಿ, ಅಳದೆ ಹೇಳಿದಳು.

"ಇದನ್ನ ಮೊದಲೇ ಹೇಳ್ಬೇಕಿತ್ತಲ್ಲಮ್ಮ," ಅಂದರು ಡಾಕ್ಟರ್.

ದಾನಮ್ಮ ಖಾಲಿ ಕುರ್ಚಿಯತ್ತ ನೋಡಿದಳು. ಡಾಕ್ಟರೂ ನೋಡಿದರು. ಹೊಸ ಹಾಳೆ ಎಳೆದುಕೊಂಡರು.

"ಆಟಿಸಂ ಅಂತ ನನಗೆ ಕಾಣ್ತಿದೆ, ಜೊತೆಗೆ ತನ್ನನ್ನೇ ಗಾಯ ಮಾಡ್ಕೊಳ್ಳೋದು. ಪೂರ್ತಿ ಟೆಸ್ಟ್ ಆಗ್ಬೇಕು. ಗುರುವಾರದಿಂದ ಶುರು ಮಾಡೋಣ, ನೀವೇ ಬನ್ನಿ, ನೀವಿಬ್ಬರೇ. ಗಿರಿನಗರದವರಿಗೆ ಈಗಲೇ ಬರ್ಕೊಡ್ತೀನಿ."

*

ಹೊರಗೆ ಬಂದಾಗ ಕಾರು ಇರಲಿಲ್ಲ. ಹಳೆಯ ಬೆಡ್‌ಶೀಟು ಮಾತ್ರ ಫುಟ್‌ಪಾತಿನಲ್ಲಿ ಬಿದ್ದಿತ್ತು. ದಾನಮ್ಮ ಅದನ್ನು ಎತ್ತಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು.

ಬಸ್ಸಿನಲ್ಲಿ ಗೂಳಪ್ಪ ಡಾಕ್ಟರ್ ಚೀಟಿಯನ್ನು ಮಡಚಿ ಅಂಗಿಯ ಜೇಬಿಗಿಟ್ಟ. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಕೇಳಿದ.

"ನಿನ್ನ ಕೈ ಹೆಂಗ ಬಿಡ್ತು?"

"ಬೆವತಿತ್ರಿ. ಜಾರ್ತು."

"ಎಸಿಯಾಗ?"

ಮಗಳು ಬೆಡ್‌ಶೀಟಿನ ಅಂಚನ್ನು ಬಾಯಿಗಿಟ್ಟುಕೊಂಡು ಚೀಪುತ್ತಿದ್ದಳು.

ದೀಪ ಹಚ್ಚುವ ಹೊತ್ತಿಗೆ ಇಂಟರ್‌ಕಾಮ್ ಹೊಡೆದುಕೊಂಡಿತು. ದುಂಡವ್ವ ಆ ಸದ್ದಿಗೆ ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ಸರಿದಳು. ಗೂಳಪ್ಪ ರಿಸೀವರ್ ಎತ್ತಿದ.

"ನಿನ್ನ ಹೆಂಡ್ತಿ ಬೇಕೂಂತಲೇ ಬಿಟ್ಟಳಂತಲ್ಲೋ!" ಬದರಿನಾಥರು ಕೂಗುತ್ತಿದ್ದರು. "ನಮ್ಮನೆಯವಳು ಕಣ್ಣಾರೆ ನೋಡಿದಾಳೆ. ಜಾರಿದ್ರೆ ಮೇಲೆ ಬಂದು ಕಾಲಿಗೆ ಬೀಳ್ಲಿ, ಈ ತಿಂಗಳು ಮುಗಿಯೋವರೆಗೆ ಇರಿ. ಬೇಕೂಂತ ಬಿಟ್ಟಿದ್ರೆ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ. ಕೇಳು ಆ ಲೌಡಿನ!"

ಗೂಳಪ್ಪ ರಿಸೀವರ್ ಮೇಲೆ ಕೈ ಮುಚ್ಚಿದ. "ಖರೇ ಹೇಳು. ಜಾರ್ತೋ, ಬಿಟ್ಟ್ಯೋ?"

"ಜಾರ್ತು."

ಅವನು ಅವಳ ಅಂಗೈಯನ್ನೇ ನೋಡಿದ. ಆಮೇಲೆ ರಿಸೀವರಿನಿಂದ ಕೈ ತೆಗೆದ.

"ಜಾರೇತ್ರಿ ಸರ."

"ಮತ್ತೆ ಕಳ್ಸು ಮೇಲಕ್ಕೆ. ಏನು ತೊಂದ್ರೆ ಅವಳಿಗೆ?"

ಗೂಳಪ್ಪ ಗೋಡೆಗೆ ಒರಗಿ ತೂಗುತ್ತಿದ್ದ ಮಗಳನ್ನು ನೋಡಿದ.

"ತೊಂದ್ರಿ ಐತ್ರಿ ಸರ," ಅಂದ. "ಭಾಳ ತೊಂದ್ರಿ ಐತಿ. ಅಕಿ ಬರಂಗಿಲ್ಲ."

ರಿಸೀವರನ್ನು ಅದರ ಜಾಗದಲ್ಲಿಡದೆ ಹಾಗೆಯೇ ಕೆಳಕ್ಕೆ ಬಿಟ್ಟ. ಅದು ವೈರಿಗೆ ಜೋತುಬಿದ್ದು ಕೂಗುತ್ತಲೇ ಇತ್ತು, "ಹಲೋ, ಏಯ್, ಬಡ್ಡಿಮಗನೇ, ಹಲೋ..."

ಟಕ್.

ದಾನಮ್ಮ ಗೋಡೆಗೂ ಹಣೆಗೂ ನಡುವೆ ಕೈ ಇಟ್ಟಳು. ಗುರುವಾರ ಆ ಡಾಕ್ಟರ್ ಕೇಳಿದರೂ ಜಾರಿತು ಎಂದೇ ಹೇಳುವುದು. ಪೊಲೀಸರು ಕೇಳಿದರೂ ಅಷ್ಟೇ. ಮಗ್ಗುಲಲ್ಲಿ ಮಲಗುವ ಈ ಗಂಡ, ಮುದುಕನಾದ ಮೇಲೆ ಒಂದು ದಿನ ನಗುತ್ತ ಕೇಳಿದರೂ ಅಷ್ಟೇ. ಯಾರಿಗೂ ಹೇಳುವುದಿಲ್ಲ.

ಮುಂದಿನ ಪೆಟ್ಟು ಅಂಗೈ ಮೇಲೆ ಬಿತ್ತು.