ಹೆಗಲಿನವರು ಬಂದರು

ನಮ್ಮೂರಿಗೆ ಇನ್ನೂ ಬಸ್ಸಿಲ್ಲ. ತಂಬ್ರಹಳ್ಳಿ ರಸ್ತೆ ಸೇರಬೇಕಾದರೆ ಹಳ್ಳ ದಾಟಬೇಕು. ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ ಈರಕ್ಕನ ಸೊಸೆ ಹಂಪಮ್ಮನಿಗೆ ಹೆರಿಗೆ ಬೇನೆ ಶುರುವಾದಾಗ ಹಳ್ಳ ತುಂಬಿ ಗಾಡಿ ಹೋಗುವಂತಿರಲಿಲ್ಲ. ಗಂಡ ಕುರಿ ಹೊಡಕೊಂಡು ದೂರ ಹೋಗಿದ್ದ.

ಸೂಲಗಿತ್ತಿ ಮಾಳಮ್ಮ ಹೊಟ್ಟೆ ಮುಟ್ಟಿ ನೋಡಿದಳು. "ಈರಕ್ಕಾ, ಕೂಸು ಅಡ್ಡ ಐತಿ. ನನ್ನ ಕೈಲಿ ಆಗಂಗಿಲ್ಲ. ಹಗರಿಬೊಮ್ಮನಹಳ್ಳಿ ದವಾಖಾನಿಗೆ ಒಯ್ಯಬೇಕು. ಇನ್ನಾಸಪ್ಪಗ ಹೇಳಿ ಕಳಿಸೀನಿ."

ಈರಕ್ಕ ಬೆಂಕಿಯಾದಳು. "ಹೆಣ ಹೊರೋರನ್ನ ಬದುಕಿದವರ ಮನಿಗೆ ಕರೀತೀಯೇನು?"

ಇನ್ನಾಸಪ್ಪ ನಮ್ಮೂರ ಕ್ಯಾಥೊಲಿಕ್ ಸೋದರ ಸಂಘದ ಹಿರಿಯ. ದಿಕ್ಕಿಲ್ಲದವರು ಸತ್ತರೆ ಜಾತಿ ಕೇಳದೆ ಹೊತ್ತು ಮಣ್ಣು ಮಾಡುವವರು ಈ ಸಂಘದವರೇ. ಅದಕ್ಕೇ ಊರಿಗೆಲ್ಲ ಅವರು 'ಹೆಗಲಿನವರು'. ಭಾನುವಾರ ಚರ್ಚಿನ ಪೂಜೆ ಮುಗಿಸಿ, ಮನೆಗೊಂದು ಹಿಡಿ ಜೋಳ ಕೂಡಿಸಿ, ಜಡ್ಡಾದವರ ಮನೆಗೆ ಮುಟ್ಟಿಸುವವರೂ ಅವರೇ. ಉಂಡ ಜೋಳ ಮರೆತು ಅಪಶಕುನ ಹಿಡಕೊಂಡು ಕೂತವರು ನಾವು!

ನಾಲ್ವರು ಹಗ್ಗದ ಮಂಚ, ನಮ್ಮ ಕಡೆಯ ಹೊರಸು, ಹೊತ್ತು ಬಂದರು. ಈರಕ್ಕ ಬಾಗಿಲಿಗೆ ಅಡ್ಡ ನಿಂತಳು.

"ನಾಕು ಮಂದಿ ಹೊತ್ತು ಒಯ್ಯೋದು ಹೆಣಾನ. ನನ್ನ ಸೊಸಿ ಇನ್ನೂ ಜೀವಂತ ಅದಾಳ. ಇಲ್ಲಾ, ನಿಮ್ಮ ಶಿಲುಬೆಗೆ ಸೇರಿಸಾಕ ಬಂದೀರೇನು?"

"ನಿಮ್ಮ ದೇವರು ನಿಮ್ಮ ಜಗಲಿ ಮ್ಯಾಲ ಇರ್ಲಿ ಬಿಡ್ರಿ ಈರಕ್ಕ," ಅಂದ ಇನ್ನಾಸಪ್ಪ. "ನಾವು ಹೊರಾಕಷ್ಟ ಬಂದೀವಿ. ದಾರಿ ಬಿಡ್ರಿ."

ಅಷ್ಟರಲ್ಲಿ ಹಂಪಮ್ಮ ಗೋಡೆ ಹಿಡಿದು ಹೊರಗೆ ಬಂದಳು. "ಸತ್ತ ಮ್ಯಾಲ ಇವರ ಹೆಗಲು ನಡೀತೈತಿ, ಬದುಕಾಕ ನಡಿಯಂಗಿಲ್ಲೇನು? ನಾ ಹೋಗಾಕಿ! ನಾಕು ಮಂದಿ ಹೊತ್ತರ ಅಪಶಕುನ, ಹೌದಲ್ಲ? ನೀವೂ ಹೆಗಲು ಕೊಡ್ರಿ ಅತ್ತಿ, ಐದು ಮಂದಿ ಆಗ್ತೀರಿ." ಹಲ್ಲು ಕಚ್ಚಿ ಹೊರಸಿನ ಮೇಲೆ ಮಲಗಿಬಿಟ್ಟಳು.

ಈರಕ್ಕ ಸೊಸೆಯ ಮುಖ ನೋಡಿದಳು. ಸೀರೆ ಎತ್ತಿ ಕಟ್ಟಿ ಹೊರಸಿಗೆ ಹೆಗಲು ಕೊಟ್ಟಳು.

"ಹೆಂಗಸು ಹೆಗಲು ಕೊಡೋದಾ?" ಎಂದು ಕಟ್ಟೆಯ ಮೇಲಿದ್ದವರು ಗೊಣಗಿದರು.

"ನಿಮ್ಮ ಹೆಗಲು ಎಲ್ಲಿಟ್ಟೀರಿ? ಎದ್ದು ಬರ್ರಿ, ಇಲ್ಲಾ ಬಾಯಿ ಮುಚ್ಚಿರಿ!" ಅಂದಳು ಈರಕ್ಕ. ಸೊಂಟಮಟ್ಟದ ನೀರಲ್ಲಿ ಐವರೂ ಹಳ್ಳ ದಾಟಿದರು.

ದವಾಖಾನೆಯಲ್ಲಿ ಹೆರಿಗೆಯಾಯಿತು; ಹಂಪಮ್ಮ, ಅವಳ ಹೆಣ್ಣುಕೂಸು ಇಬ್ಬರೂ ಉಳಿದರು. ಈಗ ಭಾನುವಾರದ ಜೋಳಕ್ಕೆ ಈರಕ್ಕನದೂ ಒಂದು ಹಿಡಿ ಸೇರುತ್ತದೆ. ಅವಳ ದೇವರ ಜಗಲಿಯ ಮೇಲೆ ಮನೆದೇವರು ದುರುಗಮ್ಮ ಎಲ್ಲಿದ್ದಳೋ ಅಲ್ಲೇ ಇದ್ದಾಳೆ.

ಅಕ್ಕಂದಿರೇ, ಅಣ್ಣಂದಿರೇ, ಮನೆಯಲ್ಲಿ ಬಸುರಿ ಇದ್ದರೆ ಹೊರಸು ಯಾವುದು, ಹೊರುವವರು ಯಾರು ಎಂದು ಇವತ್ತೇ ಗೊತ್ತುಮಾಡಿಡಿ. ಇಂಥ ಸಂಘವಿದ್ದರೆ ಕೂಡಿಕೊಳ್ಳಿ, ಇಲ್ಲದಿದ್ದರೆ ನೀವೇ ಕಟ್ಟಿ. ಸತ್ತ ಮೇಲೆ ಹೆಗಲು ಹೇಗೂ ಸಿಗುತ್ತದೆ. ಬದುಕಿರುವಾಗಲೇ ಕೇಳಿ, ಬದುಕಿರುವಾಗಲೇ ಕೊಡಿ.